ಬೋಲ್ಟಿಗೆ ಸುತ್ತಿದ ಬಟ್ಟೆ

“ಇದನ್ನ ಸುತ್ತಿದ್ದು ಯಾರು?”

ನಾನು ನೆಲದ ಮೇಲೆ ಮಂಡಿಯೂರಿ ಕೂತು ಕೇಳಿದೆ. ನನ್ನ ಮೂಗಿನ ಮುಂದೆ ಸಿಮೆಂಟಿನಿಂದ ಎದ್ದು ನಿಂತ ದಪ್ಪ ಬೋಲ್ಟು. ಅಂಥವು ನಾಲ್ಕು. ಅವುಗಳ ಮೇಲೆ ಕೂತಿದ್ದ, ಮರ ಕಡೆಯುವ ಹೊಸ ಲೇತ್ ಯಂತ್ರ ಕಾಣೆಯಾಗಿ ವಾರವಾಗುತ್ತ ಬಂದಿತ್ತು. ಬಾಗಿಲ ಬೀಗಕ್ಕೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ.

ನಾಲ್ಕೂ ಬೋಲ್ಟುಗಳಿಗೆ ಹಳೆ ಬನಿಯನ್ನಿನ ಪಟ್ಟಿ ಸುತ್ತಿತ್ತು. ಮೊದಲ ದಿನ ಬಂದಾಗ ನಾನೂ ನೋಡಿದ್ದೆ, ಚಿಂದಿ ಅಂದುಕೊಂಡು ಸುಮ್ಮನಾಗಿದ್ದೆ. ಪೊಲೀಸರಂತೂ ಅದನ್ನು ದಾಟಿಕೊಂಡೇ ಓಡಾಡಿದ್ದರು. ಇವತ್ತು ಒಂದನ್ನು ಬಿಚ್ಚಿದರೆ ಒಳಗೆಲ್ಲ ಗ್ರೀಸು. ಬೋಲ್ಟಿನ ಗೆರೆಗಳ ಸಂದಿಸಂದಿಗೂ ಗ್ರೀಸು ತುಂಬಿ, ಧೂಳು ಕೂರದಂತೆ, ತುಕ್ಕು ಹಿಡಿಯದಂತೆ, ಮಗುವಿನ ಬೆರಳಿಗೆ ಗಾಯವಾದಾಗ ಕಟ್ಟುವಷ್ಟು ನಾಜೂಕಾಗಿ ಸುತ್ತಿದ್ದರು.

“ನಾನೇ ಸುತ್ತಿದ್ದು,” ಎಂದಳು ಬುಗುರಿ. ಉತ್ತರ ಬಂದ ವೇಗ ನನಗೆ ಹಿಡಿಸಲಿಲ್ಲ.

ಬುಗುರಿ ಎನ್ನುವುದು ಅವಳ ಅಣ್ಣ ಇಟ್ಟ ಅಡ್ಡಹೆಸರು. ಚಿಕ್ಕವಳಿದ್ದಾಗ ಅವಳು ಲೇತಿನ ಮೇಲೆ ಮೊದಲು ಕಡೆದದ್ದು ಬುಗುರಿಯನ್ನು. ಈಗ ಮರದ ಬಟ್ಟಲು, ಹೂದಾನಿ, ಮುಚ್ಚಳದ ಡಬ್ಬಿ ಕಡೆಯುತ್ತಾಳೆ. ಅವಳ ಬಟ್ಟಲಿನ ಅಂಚನ್ನು ಬೆಳಕಿಗೆ ಹಿಡಿದರೆ ಆಚೆ ಇಟ್ಟ ಬೆರಳಿನ ನೆರಳು ಈಚೆಗೆ ಕಾಣುತ್ತದೆ. ಹಳೆ ಯಂತ್ರ ಗಡಗಡ ನಡುಗುತ್ತಿತ್ತು ಎಂದು ಅರ್ಜಿ ಹಾಕಿದ್ದಳು. ಕೈಕಸುಬಿನವರಿಗೆ ಉಪಕರಣ ಕೊಡಿಸುವ ನಿಧಿಯೊಂದು ಹೊಸ ಲೇತ್ ಕೊಡಿಸಿತ್ತು.

ಶುಕ್ರವಾರ ಆ ನಿಧಿಯ ದಾನಿಗಳು ಯಂತ್ರವನ್ನು ಕಣ್ಣಾರೆ ನೋಡಲು ಬರುವವರಿದ್ದರು. ಅಷ್ಟರೊಳಗೆ ಅದು ಸಿಗದಿದ್ದರೆ ಅವಳೇ ಮಾರಿಕೊಂಡಳೆಂದು ತೀರ್ಮಾನ. ಕೊಟ್ಟದ್ದನ್ನೆಲ್ಲ ವಾಪಸ್ ಕಟ್ಟಬೇಕು, ಮೇಲೆ ಪೊಲೀಸ್ ಕೇಸು, ಈ ಕೋಣೆಗೆ ಬೀಗ. ಬೀದಿಯಲ್ಲಿ ಜನ ಆಗಲೇ ಅವಳನ್ನು ಕಂಡು ದನಿ ತಗ್ಗಿಸಲು ಶುರು ಮಾಡಿದ್ದರು.

“ನೀನೇ ಸುತ್ತಿದ್ದಾದ್ರೆ ಇನ್ನೊಂದು ಸಲ ಸುತ್ತು, ನೋಡೋಣ,” ಎಂದು ಪಟ್ಟಿಯನ್ನು ಅವಳ ಕೈಗೆ ಕೊಟ್ಟೆ.

ಬುಗುರಿ ಬಗ್ಗಿ ಸುತ್ತಿದಳು. ಬಲಗಡೆಯಿಂದ ಎಡಗಡೆಗೆ, ಅವಸರದಲ್ಲಿ, ತುದಿ ಜೋತಾಡುವ ಹಾಗೆ.

“ಉಳಿದ ಮೂರನ್ನೂ ನೋಡು. ನಟ್ಟು ಯಾವ ಕಡೆ ಬಿಗಿಯುತ್ತೋ ಅದೇ ಕಡೆಗೆ ಸುತ್ತಿದಾರೆ. ಗೆರೆಯ ಜೊತೆಗೇ ಬಟ್ಟೆನೂ ಹೋಗಿದೆ. ಎಳೆದ್ರೂ ಬಿಚ್ಚಿಕೊಳ್ಳಲ್ಲ. ನಿಂದು ನೋಡು, ನಾನು ಉಫ್ ಅಂದ್ರೆ ಬಿದ್ದು ಹೋಗುತ್ತೆ.”

ಅವಳು ತನ್ನ ಸ್ಟೂಲಿನ ಮೇಲೆ ಕುಸಿದು ಕೂತಳು.

“ಯಾರನ್ನ ಕಾಪಾಡ್ತಿದ್ದೀಯ ನೀನು?”

ನನಗೆ ಕೋಪ ಬರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ, ಬಂದದ್ದು ಮುಚ್ಚಿಡಲೂ ಬರುವುದಿಲ್ಲ. “ನಾನು ನಿನ್ನ ಪರವಾಗಿ ಕಂಡಕಂಡವರ ಬಾಗಿಲು ಬಡೀತಿದ್ದೀನಿ. ನೀನು ನನ್ನ ಕಣ್ಣಿಗೇ ಮಣ್ಣೆರಚ್ತೀಯಲ್ಲ. ಕಳ್ಳನ್ನ ಮುಚ್ಚಿಡೋರು ನನಗೆ ಕಳ್ಳನಿಗಿಂತ ಕಡೆ, ತಿಳ್ಕೋ,” ಎಂದು ಗದರಿದೆ.

ಆ ಮಾತು ಸಂಜೆಯೊಳಗೆ ನನ್ನ ಕೊರಳಿಗೇ ಸುತ್ತಿಕೊಳ್ಳುತ್ತದೆಂದು ಆಗ ನನಗೇನು ಗೊತ್ತು.

ಬುಗುರಿ ಅಳತೊಡಗಿದಳು, ಅವಳಿಗೆ ಸ್ವಲ್ಪ ಹೊತ್ತು ಬೇಕಿತ್ತು. ನಾನು ಗೋಡೆಯ ಕಡೆ ಹೋದೆ. ಯಂತ್ರಕ್ಕೆ ವಿದ್ಯುತ್ ಕೊಡುವ ಸ್ವಿಚ್ ಬಾಕ್ಸನ್ನು ಆಗಲೇ ಬಿಚ್ಚಿಟ್ಟಿದ್ದೆ. ಅಲ್ಲಿಯೂ ಅದೇ ಕತೆ. ವೈರನ್ನು ಕತ್ತರಿಸಿರಲಿಲ್ಲ, ಬಿಚ್ಚಿ ತುದಿಗೆ ಟೇಪು ಸುತ್ತಿದ್ದರು. ಕಳ್ಳತನಕ್ಕೆ ಬಂದವರಿಗೆ ಇಷ್ಟು ವ್ಯವಧಾನ ಎಲ್ಲಿಯದು?

ಬಾಕ್ಸಿನ ಮುಚ್ಚಳವನ್ನು ಪಕ್ಕಕ್ಕಿಟ್ಟು, ಅದರ ಸ್ಕ್ರೂಗಳನ್ನೆಲ್ಲ ಒಂದೇ ಸಾಲಿಗೆ ಜೋಡಿಸಿ ಮುಚ್ಚಳದ ಹಿಂಭಾಗಕ್ಕೆ ಗಾಯಕ್ಕೆ ಹಚ್ಚುವ ಪ್ಲಾಸ್ಟರಿನಿಂದ ಅಂಟಿಸಿದೆ. ಪ್ಲಾಸ್ಟರಿನ ಒಂದು ಮೂಲೆಯನ್ನು ಒಳಕ್ಕೆ ಮಡಚಿದೆ, ಆಮೇಲೆ ಕೀಳಲು ಸುಲಭವಾಗಲಿ ಎಂದು.

“ಅಕ್ಕ, ಅದು ಬೆರಳು ಕುಯ್ದುಕೊಂಡ್ರೆ ಹಚ್ಚೋದಲ್ವಾ?” ಬುಗುರಿ ಅಳುವಿನ ನಡುವೆಯೇ ಕೇಳಿದಳು.

“ಅಭ್ಯಾಸ,” ಎಂದೆ.

ಈ ಅಭ್ಯಾಸ ನನ್ನ ಸ್ವಂತದ್ದಲ್ಲ. ವಿಮಾ ಕಂಪನಿಯಲ್ಲಿ ನನಗೆ ಪತ್ತೆ ಕೆಲಸ ಕಲಿಸಿದ ಸರ್‌ದು. ಸುಟ್ಟ ಗೋದಾಮು, ಮುಳುಗಿದ ಲಾರಿ, ಕದ್ದುಹೋದ ಒಡವೆ, ಎಲ್ಲ ಕಡೆ ಅವರ ಬೆನ್ನ ಹಿಂದೆ ನೋಟು ಬರೆದುಕೊಳ್ಳುತ್ತ ಓಡಿದವಳು ನಾನು. ಏನನ್ನೇ ಬಿಚ್ಚಲಿ, ಅವರು ಸ್ಕ್ರೂಗಳನ್ನು ಪ್ಲಾಸ್ಟರಿನಿಂದ ಅಲ್ಲೇ ಅಂಟಿಸುತ್ತಿದ್ದರು. ‘ಬಿಚ್ಚಿದ್ದನ್ನ ಬಿಚ್ಚಿದ ಹಾಗೇ ಮುಚ್ಚೋಕೆ ಬರಬೇಕು ಮಗಳೇ’ ಎನ್ನುತ್ತಿದ್ದರು. ಬೋಲ್ಟಿನ ಬಟ್ಟೆ ಇವತ್ತು ನನ್ನ ಕಣ್ಣಿಗೆ ಬಿದ್ದದ್ದೂ ಅವರು ಕಲಿಸಿದ ಪಾಠದಿಂದಲೇ. ಕಳ್ಳ ಏನು ಒಯ್ದ ಎಂದು ನೋಡಬೇಡ, ಏನನ್ನು ಜೋಪಾನ ಮಾಡಿದ ಎಂದು ನೋಡು ಎಂದು ಕಲಿಸಿದವರು ಅವರು.

ಸರ್ ಈಗ ಇದೇ ಉಪಕರಣ ನಿಧಿಯ ಮುಖ್ಯಸ್ಥರು. ಕಳವಿನ ಸುದ್ದಿ ಹಬ್ಬಿದಾಗ ಹೊರಗಿನವರೊಬ್ಬರು ತನಿಖೆ ಮಾಡಲಿ ಎಂದು ನಿಧಿಯ ಮಂಡಳಿ ಪಟ್ಟು ಹಿಡಿಯಿತಂತೆ. ಅವರು ನೇರ ನನಗೇ ಫೋನ್ ಮಾಡಿದ್ದರು. ನಿಜ ಹೇಳಬೇಕೆಂದರೆ ಆವತ್ತು ನನಗೆ ಹೆಮ್ಮೆಯಿಂದ ನೆಲವೇ ಕಾಣಲಿಲ್ಲ.

ಕೋಣೆಯ ಹೊರಗೆ ಗಲ್ಲಿಯಲ್ಲಿ ನಿಂತು ಅವರಿಗೆ ಫೋನ್ ಮಾಡಿದೆ.

“ಏನು ಮಗಳೇ, ಕೂತಿದ್ದೀಯಾ ನಿಂತಿದ್ದೀಯಾ?” ಅವರ ಮಾತು ಯಾವಾಗಲೂ ಹೀಗೇ ಶುರುವಾಗುವುದು.

“ನಿಂತಿದ್ದೀನಿ ಸರ್. ಇದು ಕಳ್ಳತನ ಅಲ್ಲ ಅನ್ಸುತ್ತೆ. ಬೋಲ್ಟಿಗೆ ಗ್ರೀಸ್ ಹಚ್ಚಿ ಬಟ್ಟೆ ಸುತ್ತಿದಾರೆ. ಒಯ್ದವರಿಗೆ ಯಂತ್ರನ ವಾಪಸ್ ತಂದು ಇಲ್ಲೇ ಕೂರಿಸೋ ಯೋಚನೆ ಇತ್ತು.”

“ಭೇಷ್,” ಎಂದರು ಅವರು. “ಯಾರು ಅಂತ ಗೊತ್ತಾಯ್ತಾ?”

“ಇವತ್ತೇ ಗೊತ್ತಾಗುತ್ತೆ.”

“ಯಾರ ಹತ್ರಾನೂ ಬಾಯಿ ಬಿಡಬೇಡ. ಮೊದಲು ನನಗೆ ಹೇಳು.”

ಹೂಂ ಎಂದು ಒಳಗೆ ಬಂದೆ. ಬುಗುರಿ ಕಣ್ಣೊರೆಸಿಕೊಂಡು ಆ ಬನಿಯನ್ ಪಟ್ಟಿಯನ್ನು ಮೊಣಕಾಲ ಮೇಲೆ ನೀಟಾಗಿ ಹರವುತ್ತಿದ್ದಳು.

“ಕೀ ಬೇರೆ ಯಾರ ಹತ್ರ ಇದೆ ಅಂತ ಪೊಲೀಸರು ಕೇಳಿದ್ರು. ಯಾರ ಹತ್ರಾನೂ ಇಲ್ಲ ಅಂದೆ. ನೀವು ಕೇಳಿದಾಗ್ಲೂ ಅದನ್ನೇ ಹೇಳ್ದೆ. ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ ಅಕ್ಕ.” ಅವಳು ತಲೆಯೆತ್ತಿದಳು. “ಅಣ್ಣ ಬೇರೆಯವನು ಅಂತ ನನಗೆ ಹೊಳೀಲೇ ಇಲ್ಲ.”

* * *

ಅಣ್ಣನ ಮನೆ ಎರಡು ಬೀದಿ ಆಚೆ, ಸೈಕಲ್ ಅಂಗಡಿಯ ಮಹಡಿಯಲ್ಲಿ. ಅವನು ಕಾರ್ಖಾನೆಯಲ್ಲಿ ಫಿಟರ್. ಯಂತ್ರ ಕೂರಿಸುವುದು, ಬಿಚ್ಚುವುದು, ರಿಪೇರಿ ಮಾಡುವುದು ಅವನ ಕೆಲಸ. ಬುಗುರಿಯ ಹೊಸ ಲೇತನ್ನು ನೆಲಕ್ಕೆ ಬಿಗಿದವನೂ ಅವನೇ. ಅಪ್ಪ ತೀರಿಕೊಂಡ ಮೇಲೆ ತಂಗಿಯನ್ನು ಓದಿಸಿ, ಕೆಲಸ ಕಲಿಸಿ, ಕೈ ಹಿಡಿದು ದಾಟಿಸಿದವನು. ಅವನ ಮೇಲೆ ಸಂಶಯ ಪಡಲು ನನಗೂ ಮನಸ್ಸು ಬಂದಿರಲಿಲ್ಲ.

ಬಾಗಿಲು ತೆಗೆದದ್ದು ಅತ್ತಿಗೆ. ಬುಗುರಿಯ ಮುಖ ನೋಡಿ ಗಾಬರಿಯಾದಳು. “ಬಾ, ಒಳ್ಳೇದಾಯ್ತು ಬಂದಿದ್ದು. ನೀನಾದ್ರೂ ಹೇಳು ನಿಮ್ಮಣ್ಣಂಗೆ. ವಾರದಿಂದ ತಟ್ಟೆ ಮುಂದೆ ಕೂತು ಎದ್ದು ಹೋಗ್ತಾರೆ. ಕೇಳಿದ್ರೆ ಸಿಡುಕು.”

ಅವತ್ತು ಅವನಿಗೆ ರಜೆ. ಹಿಂದಿನ ವರಾಂಡದಲ್ಲಿ ನೆಲದ ಮೇಲೆ ಕೂತು ಯಾರದೋ ಮನೆಯ ಫ್ಯಾನು ರಿಪೇರಿ ಮಾಡುತ್ತಿದ್ದ. ನಮ್ಮನ್ನು ನೋಡಿ ನಕ್ಕ. ಬುಗುರಿ ನಗಲಿಲ್ಲ. ಬನಿಯನ್ ಪಟ್ಟಿಯನ್ನು ಅವನ ಮುಂದಿಟ್ಟಳು.

ಅವನು ಅದನ್ನು ನೋಡುತ್ತ ಕೂತ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮೆಲ್ಲಗೆ ಕೆಳಗಿಟ್ಟ.

“ನಿಂದೇ ಬನಿಯನ್ನು,” ಎಂದಳು ಬುಗುರಿ.

“ಏನೋ ಚಿಂದಿ ಕಣೇ. ನನ್ನ ಬನಿಯನ್ನು ನಿನ್ನ ಕೋಣೇಲಿ ಎಷ್ಟು ಬಿದ್ದಿರ್ತಾವೆ, ಯಾರೋ ತಗೊಂಡು...”

“ಯಾರೋ ತಗೊಂಡು, ಬೋಲ್ಟಿನ ಗೆರೆ ಹೋಗೋ ದಿಕ್ಕಿಗೆ ಸುತ್ತಿ, ತುದಿ ಒಳಗೆ ಸಿಗಿಸಿದ್ರಾ?” ನಾನು ನಡುವೆ ಬಾಯಿ ಹಾಕಿದೆ. “ನಿಮ್ಮ ಕಾರ್ಖಾನೆಗೆ ಹೋಗಿ ಕೇಳಿದ್ರೆ ಗೊತ್ತಾಗುತ್ತೆ, ಹೀಗೆ ಸುತ್ತೋರು ಯಾರ್ಯಾರಿದಾರೆ ಅಂತ.”

“ನಾನು ಕೇಳಬೇಕಾಗಿಲ್ಲ ಅಕ್ಕ,” ಎಂದಳು ಅವಳು. “ಚಿಕ್ಕೋಳಿದ್ದಾಗ ನನ್ನ ಸೈಕಲ್ ಬಿಚ್ಚಿದ್ರೂ ಹೀಗೇ ಸುತ್ತಿ ಇಡ್ತಿದ್ದ. ನಾಳೆ ಜೋಡಿಸ್ಬೇಕಲ್ಲ ಕಣೇ, ಹಾಳಾಗ್ಬಾರ್ದು ಅಂತಿದ್ದ.”

ಅಣ್ಣ ಗೋಡೆಗೆ ಒರಗಿದ. ಮುಚ್ಚಿಟ್ಟು ಮುಚ್ಚಿಟ್ಟು ಸುಸ್ತಾದ ಮುಖ ಅದು. ಸಿಕ್ಕಿಬಿದ್ದದ್ದಕ್ಕೆ ಅವನಿಗೆ ಅರ್ಧ ಸಮಾಧಾನವೇ ಆದಂತಿತ್ತು.

“ವಾಪಸ್ ಬರುತ್ತೆ ಕಣೇ,” ಎಂದ. “ಅದಕ್ಕೇ ತಾನೇ ಸುತ್ತಿಟ್ಟಿದ್ದು. ಎರಡು ದಿನ ಅಂದಿದ್ರು. ನೀನು ಮೇಳದಿಂದ ಬರೋ ಅಷ್ಟ್ರಲ್ಲಿ ಇಲ್ಲೇ ಇರ್ಬೇಕಿತ್ತು. ನಿನಗೆ ಗೊತ್ತೂ ಆಗ್ತಿರ್ಲಿಲ್ಲ.”

ಅವಳು ಬಟ್ಟಲು ಮಾರಲು ಪಕ್ಕದ ಪಟ್ಟಣದ ಕರಕುಶಲ ಮೇಳಕ್ಕೆ ಹೋಗಿದ್ದಳು. ಎಲ್ಲ ಬೇಗ ಖರ್ಚಾಯಿತೆಂದು ಒಂದು ದಿನ ಮೊದಲೇ ಹಿಂದಿರುಗಿ, ಬಾಗಿಲು ತೆಗೆದು, ಬೋಳು ನೆಲ ನೋಡಿ, ಸೀದಾ ಠಾಣೆಗೆ ಓಡಿದ್ದಳು. ಅಣ್ಣನ ಲೆಕ್ಕ ತಪ್ಪಿದ್ದು ಅಲ್ಲಿ.

“ಅಂದಿದ್ರು ಅಂದ್ರೆ? ಯಾರು ಅಂದಿದ್ದು?” ನಾನು ಕೇಳಿದೆ.

“ನಿಧಿಯೋರು. ಫೋನಲ್ಲಿ. ಮುಖ ನೋಡಿಲ್ಲ.” ಅವನು ನನ್ನ ಕಡೆ ನೋಡದೆ ಹೇಳಿದ. “ಇನ್ನೊಬ್ರು ಕಸುಬಿನೋರಿಗೆ ಲೇತ್ ಕೊಡಿಸಿದೀವಿ, ದಾರೀಲಿ ಸಿಕ್ಕಾಕೊಂಡಿದೆ, ದಾನಿಗಳಿಗೆ ಫೋಟೋ ಕಳಿಸ್ಬೇಕು, ನಿಮ್ಮ ತಂಗಿ ಯಂತ್ರ ಎರಡು ದಿನ ಕೊಡಿ ಅಂದ್ರು. ಆ ಗೋದಾಮಿನ ಷೆಡ್ಡಲ್ಲಿ ನಿಜವಾಗ್ಲೂ ಕೆಲಸ ನಡೀತಿದೆ ಅನ್ನೋ ಹಾಗೆ ಕೂರಿಸಿ ಅಂದ್ರು. ಬಿಚ್ಚಿ, ಟೆಂಪೋಲಿ ಹಾಕ್ಕೊಂಡು ಹೋಗಿ ಕೂರಿಸ್ದೆ.”

ಒಂದೇ ಯಂತ್ರ, ಹಲವು ಫೋಟೋ. ಕೊಳ್ಳದ ಯಂತ್ರಕ್ಕೂ ದಾನಿಗಳಿಂದ ದುಡ್ಡು. ಹಾಗಾದರೆ ನಿಧಿಯೊಳಗೇ ಯಾರೋ ಕೂತು ಮೇಯುತ್ತಿದ್ದಾರೆ. ಸರ್‌ಗೆ ಈ ವಿಷಯ ತಿಳಿದರೆ ಎದೆ ಒಡೆದುಕೊಳ್ಳುತ್ತಾರೆ ಎಂದುಕೊಂಡೆ.

“ಪೊಲೀಸ್ ಕಂಪ್ಲೇಂಟ್ ಆದ್ಮೇಲೆ?”

“ಗಲಾಟೆ ತಣ್ಣಗಾಗ್ಲಿ, ಶುಕ್ರವಾರಕ್ಕೆ ಮುಂಚೆ ಎಲ್ಲೋ ಸಿಕ್ತು ಅಂತ ಮಾಡೋಣ ಅಂದ್ರು. ಅಲ್ಲೀವರೆಗೆ ಬಾಯಿ ಬಿಟ್ರೆ ಮೊದಲು ಒಳಗೆ ಹೋಗೋನು ನೀನೇ ಮಗನೇ ಅಂದ್ರು.”

ಬುಗುರಿ ಇಷ್ಟು ಹೊತ್ತೂ ನಿಂತೇ ಇದ್ದಳು. ಈಗ ಅವನ ಎದುರು ಕೂತಳು, ಫ್ಯಾನಿನ ರೆಕ್ಕೆಗಳ ಆಚೆ ಬದಿಗೆ.

“ಠಾಣೇಲಿ ನನ್ನನ್ನ ಮಧ್ಯಾಹ್ನವೆಲ್ಲ ಕೂರಿಸಿದ್ರು. ಎಷ್ಟಕ್ಕೆ ಮಾರಿದೆ, ಯಾರಿಗೆ ಮಾರಿದೆ ಅಂತ. ನೀನು ಹೊರಗೆ ಬೆಂಚಿನ ಮೇಲಿದ್ದೆ.”

“ಹೂಂ.”

“ಟೀ ತಂದುಕೊಟ್ಟೆ.”

“ಹೂಂ.”

“ಆವಾಗ್ಲೂ ನಿನಗೆ ಗೊತ್ತಿತ್ತು.”

ಅವನು ಹೂಂ ಎನ್ನಲಿಲ್ಲ. ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಬಾಯಿಗೆ ಸೆರಗು ಹಿಡಿದು.

“ನಿನಗೇನು ಕೊಡ್ತೀನಿ ಅಂದಿದ್ರು?” ಬುಗುರಿಯ ದನಿ ಏರಲೂ ಇಲ್ಲ, ಒಡೆಯಲೂ ಇಲ್ಲ. “ಸುಮ್ನೆ ಮಾಡೋನಲ್ಲ ನೀನು.”

“ಮುಂದಿನ ಸಲದ ಪಟ್ಟೀಲಿ ನನ್ನ ಹೆಸರು.” ಅವನು ಕೊನೆಗೂ ತಲೆಯೆತ್ತಿದ. ಕಣ್ಣು ಕೆಂಪಾಗಿತ್ತು. “ನಾನೂ ಅರ್ಜಿ ಹಾಕಿದ್ದೆ ಕಣೇ. ನಿನ್ನ ಜೊತೇಲೇ. ನಿನಗೆ ಹೇಳ್ಲಿಲ್ಲ. ನೀವು ಫಿಟರ್, ಕಲಾವಿದರಲ್ಲ ಅಂತ ತಿರುಗಿಸಿ ಕಳಿಸಿದ್ರು. ನಿನಗೆ ಉಳಿ ಹಿಡಿಯೋಕೆ ಕಲಿಸಿದ್ದು ಯಾರು? ನೀನು ಮರ ಕಡೆದ್ರೆ ಅದು ಕಲೆ, ನಾನು ಕಬ್ಬಿಣ ಕಡೆದ್ರೆ ಅದು ಕೂಲಿ. ಇನ್ನೊಬ್ರ ಕಾರ್ಖಾನೇಲಿ ಇನ್ನೊಬ್ರ ಯಂತ್ರಕ್ಕೆ ಎಣ್ಣೆ ಬಿಟ್ಕೊಂಡೇ ಸಾಯಬೇಕಾ ನಾನು?”

ಆ ಮಾತು ನನಗೂ ನಾಟಿತು. ಮೋಸ ಮಾಡಿದವನಿಗೆ ಕಾರಣವೇ ಇರುವುದಿಲ್ಲ ಎಂದು ಅಂದುಕೊಂಡರೆ ನಮ್ಮ ಕೆಲಸ ಸಲೀಸು. ಆದರೆ ಕಾರಣ ಇರುತ್ತದೆ, ಕೆಲವು ಸಲ ನ್ಯಾಯವಾದದ್ದೇ ಇರುತ್ತದೆ. ಅದರಿಂದ ಮೋಸ ಹೋದವರ ಒಡಲುರಿ ತಣ್ಣಗಾಗುವುದಿಲ್ಲ, ಅಷ್ಟೇ.

“ಕೇಳಿದ್ರೆ ನಾನೇ ಕೊಡ್ತಿದ್ದೆ,” ಎಂದಳು ಬುಗುರಿ. “ಯಂತ್ರ ಅಲ್ಲ, ಕೋಣೆನೇ ಕೊಡ್ತಿದ್ದೆ. ಅರ್ಧ ದಿನ ನೀನು, ಅರ್ಧ ದಿನ ನಾನು. ನನ್ನ ಬೆನ್ನಿಗೆ ಚೂರಿ ಹಾಕೋ ಕೆಲಸ ಏನಿತ್ತು?”

ಅವನು ಮುಖ ಮುಚ್ಚಿಕೊಂಡ. ನಾನು ಎದ್ದೆ. “ಅಳೋದು ಆಮೇಲೆ. ಆ ಷೆಡ್ ತೋರಿಸಿ. ಯಂತ್ರ ಸಿಕ್ಕಿದ್ರೆ ಶುಕ್ರವಾರದ ಹೊತ್ತಿಗೆ ವಾಪಸ್ ಕೂರಿಸಬಹುದು. ಬೋಲ್ಟುಗಳಂತೂ ಹೊಸದರ ಹಾಗಿವೆ.”

* * *

ಮರದ ಡಿಪೋ ಮುಚ್ಚಿದ ಮೇಲೆ ಅದರ ಹಿಂದಿನ ಗೋದಾಮಿನ ಕಡೆ ಯಾರೂ ಸುಳಿಯುತ್ತಿರಲಿಲ್ಲ. ಅಣ್ಣ ಮುಂದೆ, ನಾನು ನಡುವೆ. ಬುಗುರಿ ಹಿಂದೆ, ಬೇಕೆಂದೇ ಅಂತರ ಬಿಟ್ಟು. ದಾರಿಯಲ್ಲಿ ಅವನು ಒಂದೆರಡು ಸಲ ತಿರುಗಿ ನೋಡಿದ. ಅವಳು ಮಾತ್ರ ರಸ್ತೆ ಬದಿಯ ಗೋಡೆ ನೋಡಿಕೊಂಡೇ ನಡೆದಳು.

ಷೆಡ್ಡಿನ ಬಾಗಿಲು ಅರ್ಧ ತೆರೆದಿತ್ತು.

“ಬೀಗ ಹಾಕಿ ಹೋಗಿದ್ದೆ ನಾನು,” ಎಂದ ಅಣ್ಣ.

ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿದದ್ದು ಕಬ್ಬಿಣ ಕೊಯ್ದ ವಾಸನೆ. ತಗಡಿನ ಸಂದಿಯಿಂದ ಬಿಸಿಲು ನೆಲಕ್ಕೆ ಬಿದ್ದಿತ್ತು. ಯಂತ್ರ ಇರಲಿಲ್ಲ. ಅಣ್ಣ ಹಾಕಿದ್ದ ಹೊಸ ಸಿಮೆಂಟಿನ ನಡುವೆ ನಾಲ್ಕು ಬೋಲ್ಟುಗಳ ಮೊಂಡು ಬುಡ ಉಳಿದಿತ್ತು, ನೆಲಕ್ಕೆ ಸಮನಾಗಿ ಕತ್ತರಿಸಿದ್ದು. ಕೊಯ್ದ ಮುಖ ಫಳಫಳ ಹೊಳೆಯುತ್ತಿತ್ತು. ಸುತ್ತ ಚೆಲ್ಲಿದ್ದ ಕಬ್ಬಿಣದ ಪುಡಿಗೆ ಇನ್ನೂ ತುಕ್ಕಿನ ಬಣ್ಣ ಬಂದಿರಲಿಲ್ಲ. ಇವತ್ತಿನ ಕೆಲಸ.

ಅಣ್ಣ ಮಂಡಿಯೂರಿ ಆ ಬುಡದ ಮೇಲೆ ಹೆಬ್ಬೆರಳು ಒತ್ತಿದ. “ಡಬಲ್ ನಟ್ಟು ಹಾಕಿ ಬಿಗಿದಿದ್ದೆ. ಅವಸರದೋರ ಕೈಗೆ ಬರೋದಲ್ಲ. ಗ್ರೈಂಡರ್ ಇಟ್ಟು ಕೊಯ್ದವ್ರೆ, ಪಾಪಿಗಳು.”

“ವಾಪಸ್ ತರೋರು ಹೀಗೆ ಕೊಯ್ಯಲ್ಲ,” ಎಂದಳು ಬುಗುರಿ.

ಅವಳು ಹೇಳಿದ್ದು ಸರಿ. ಒಂದು ಕೋಣೆಯಲ್ಲಿ ಬಟ್ಟೆ ಸುತ್ತಿದ ಬೋಲ್ಟು, ಇನ್ನೊಂದರಲ್ಲಿ ಕತ್ತರಿಸಿದ ಬೋಲ್ಟು. ಯಂತ್ರ ತಿರುಗಿ ಬರುವ ಆಸೆ ಅಲ್ಲಿಗೆ ಮುಗಿದಿತ್ತು. ಅಣ್ಣನಿಗೂ ಅದು ಈಗ ಅರ್ಥವಾಯಿತು. ಅವನು ನೆಲದಿಂದ ಏಳಲೇ ಇಲ್ಲ.

ನಾನು ಅಭ್ಯಾಸಬಲದಿಂದ ಕಿಟಕಿ, ಮೂಲೆ, ಹಲಗೆಗಳ ಹಿಂದೆ ಹುಡುಕಿದೆ. ಕಳ್ಳ ಏನನ್ನು ಜೋಪಾನ ಮಾಡಿದ? ಕಿಟಕಿಯ ಕಟ್ಟೆಯ ಮೇಲೆ ಹಳೆ ಪೇಪರಿನ ಅಡಿಯಲ್ಲಿ ಏನೋ ಹೊಳೆಯಿತು.

ಅಂಗೈ ಅಗಲದ ಹಿತ್ತಾಳೆ ಫಲಕ. ನಿಧಿ ಕೊಡಿಸಿದ ಪ್ರತಿ ಯಂತ್ರಕ್ಕೂ ಅದರ ಹೆಸರಿನ ಫಲಕವನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಇದರ ಒಂದು ಮೂಲೆ ನೆಗ್ಗಿತ್ತು.

“ನಂದೇ,” ಎಂದಳು ಬುಗುರಿ ಓಡಿ ಬಂದು. “ಹಾಕೋವಾಗ ಕೈಜಾರಿ ಬಿದ್ದು ನೆಗ್ಗಿದ್ದು.”

ಯಂತ್ರದ ಗುರುತು ಸಿಗದಿರಲಿ ಎಂದು ಬಿಚ್ಚಿ, ಹೊರಡುವ ಅವಸರದಲ್ಲಿ ಮರೆತು ಹೋಗಿರಬೇಕು. ನಾನು ಫಲಕವನ್ನು ತಿರುಗಿಸಿದೆ.

ಹಿಂಭಾಗದಲ್ಲಿ ಅದರ ಸ್ಕ್ರೂಗಳು ಒಂದೇ ಸಾಲಿಗೆ ಮಲಗಿದ್ದವು. ಮೇಲೆ ಗಾಯಕ್ಕೆ ಹಚ್ಚುವ ಪ್ಲಾಸ್ಟರು. ಅದರ ಒಂದು ಮೂಲೆ ಒಳಕ್ಕೆ ಮಡಚಿತ್ತು.

ಸರ್ ಮಡಚುತ್ತಿದ್ದ ಹಾಗೆಯೇ.

ಬೆಳಿಗ್ಗೆ ಗಲ್ಲಿಯಲ್ಲಿ ನಿಂತು, ಯಂತ್ರ ಎಲ್ಲೋ ಸುರಕ್ಷಿತವಾಗಿದೆ, ಒಯ್ದವನು ಇವತ್ತೇ ಸಿಗುತ್ತಾನೆ ಎಂದು ಸುದ್ದಿ ಕೊಟ್ಟವಳು ನಾನೇ. ಕೊಟ್ಟದ್ದು ಒಬ್ಬರಿಗೇ. ಅವರು ಭೇಷ್ ಎಂದಿದ್ದರು. ಫೋನ್ ಇಟ್ಟವರು, ನಾವು ಬರುವ ಮೊದಲೇ ಯಂತ್ರ ಸಾಗಿಸಲು, ಆಳುಗಳ ಜೊತೆ ನೇರ ಇಲ್ಲಿಗೆ ಬಂದಿದ್ದಾರೆ. ಆಳುಗಳು ಬೋಲ್ಟು ಕೊಯ್ಯುತ್ತಿದ್ದರೆ ಇವರು ಫಲಕ ಬಿಚ್ಚಿದ್ದಾರೆ. ಕಳ್ಳತನದಲ್ಲೂ ಕೈ ತನ್ನ ಪಾಠ ಮರೆಯದೆ, ಸ್ಕ್ರೂ ಕಳೆಯದಂತೆ ಅಂಟಿಸಿದೆ. ಮಂಡಳಿಗೆ ತನಿಖೆ ಬೇಕೆಂದಾಗ ನನ್ನನ್ನೇ ಕರೆದದ್ದು ಯಾಕೆಂದೂ ಆಗ ತಿಳಿಯಿತು. ನಾನು ಚುರುಕು ಎಂದಲ್ಲ. ಅವರ ಕಡೆ ಎಂದೂ ತಲೆಯೆತ್ತಿ ನೋಡುವವಳಲ್ಲ ಎಂದು.

ನನಗೆ ಅಪ್ಪನಿಗಿಂತ ಹೆಚ್ಚಾಗಿದ್ದವರು. ಅಲ್ಲಿಯೇ ಕೂತು ಅತ್ತುಬಿಡಬೇಕೆನಿಸಿತು. ಆದರೆ ನನ್ನ ಕೈ ಬೇರೆಯೇ ಕೆಲಸ ಮಾಡಿತು. ಫಲಕವನ್ನು ಮತ್ತೆ ಮೊಗಚಿ ಹಿಡಿಯಿತು, ಪ್ಲಾಸ್ಟರು ಕಾಣದಂತೆ.

“ಏನಿದೆ ಅಕ್ಕ ಹಿಂದೆ?”

“ಏನೂ ಇಲ್ಲ.”

ಬುಗುರಿ ನನ್ನ ಕೈಯಿಂದ ಫಲಕವನ್ನು ಕಿತ್ತುಕೊಂಡಳು. ತಿರುಗಿಸಿದಳು. ಅವಳ ಬೆರಳು ಆ ಮಡಚಿದ ಮೂಲೆಯ ಮೇಲೆ ನಿಂತಿತು. ಬೆಳಿಗ್ಗೆಯಷ್ಟೇ ಅವಳ ಕಣ್ಣೆದುರಿಗೇ ಸ್ವಿಚ್ ಬಾಕ್ಸಿನ ಮುಚ್ಚಳಕ್ಕೆ ನಾನು ಅಂಟಿಸಿದ್ದು ಅವಳಿಗೂ ನೆನಪಾಗಿತ್ತು.

“ಅಭ್ಯಾಸ ಅಂದ್ರಿ,” ಎಂದಳು ನಿಧಾನವಾಗಿ.

“ಇದು ನನ್ನದಲ್ಲ. ಹೀಗೆ ಬಹಳ ಜನ ಮಾಡ್ತಾರೆ.”

“ಯಾರು ಮಾಡ್ತಾರೆ? ಒಬ್ರ ಹೆಸರು ಹೇಳಿ.”

ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿಬಿಟ್ಟಿದ್ದರೆ ಮುಗಿದಿತ್ತು. ತಪ್ಪಿದ್ದರೂ ಇರಬಹುದು, ಮೊದಲು ನಾನೊಬ್ಬಳೇ ಹೋಗಿ ಕೇಳಬೇಕು, ಅವರ ಬಾಯಿಂದಲೇ ಕೇಳಬೇಕು ಎಂದು ಒಳಗಿನಿಂದ ಯಾರೋ ಗೋಗರೆಯುತ್ತಿದ್ದರು. ಬೆಳಿಗ್ಗೆ ನಾನು ಗದರಿದಾಗ ಬುಗುರಿಯ ಹೊಟ್ಟೆಯೊಳಗೂ ಇದೇ ನಡೆದಿರಬೇಕು.

“ಯಾರನ್ನ ಕಾಪಾಡ್ತಿದ್ದೀರಿ ನೀವು?” ಎಂದಳು ಅವಳು. ನನ್ನದೇ ಮಾತು, ನನ್ನದೇ ದನಿಯಲ್ಲಿ.

ಅಣ್ಣ ನೆಲದಿಂದ ಎದ್ದು ನಿಂತ. ಅವನ ಕಣ್ಣು ಫಲಕದಿಂದ ನನ್ನ ಕಡೆಗೆ ತಿರುಗಿತು.

ಆಗಲೇ ನನ್ನ ಚೀಲದಲ್ಲಿ ಫೋನ್ ಹೊಡೆದುಕೊಂಡಿತು. ನಾನು ಕೈ ಹಾಕುವ ಮೊದಲೇ ಬುಗುರಿ ಅದನ್ನು ಎಳೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಒತ್ತಿ ಹಿಡಿದಳು.

“ಏನು ಮಗಳೇ,” ಎಂದಿತು ಆ ಮೃದುವಾದ ದನಿ, ತಗಡಿನ ಷೆಡ್ಡಿನ ತುಂಬ. “ಕೂತಿದ್ದೀಯಾ ನಿಂತಿದ್ದೀಯಾ?”

ಅಣ್ಣ ಒಂದು ಹೆಜ್ಜೆ ಹಿಂದೆ ಸರಿದ. “ಇದೇ ದನಿ,” ಎಂದ. “ನನಗೆ ಫೋನ್ ಮಾಡ್ತಿದ್ದೋರು ಇವರೇ.” ಆಮೇಲೆ ನನ್ನನ್ನು ದಿಟ್ಟಿಸಿದ. “ಇವರು ನಿಮ್ಮನ್ನ ಮಗಳೇ ಅಂತಾರಾ?”

“ಹಲೋ? ಕೇಳಿಸ್ತಿದೆಯಾ ಮಗಳೇ?”

ಬುಗುರಿ ಫೋನನ್ನು ಕಟ್ ಮಾಡಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಮೇಲಿಟ್ಟ ಕಣ್ಣನ್ನು ಕದಲಿಸಲಿಲ್ಲ. ಅವನ ಮನೆಗೆ ಹೋದಾಗಿನಿಂದ ಅವಳು ಅವನನ್ನು ಅಣ್ಣ ಎಂದು ಕರೆದಿರಲಿಲ್ಲ. ಈಗ ಕರೆದಳು.

“ಅಣ್ಣ, ಬಾಗಿಲು ಹಾಕು.”